ಬೇಡ ಎನ್ನುವ ಗುಂಡಿ

ಯಂತ್ರ ಗುರಿ ಹುಡುಕುತ್ತದೆ, ಮನುಷ್ಯ ಒಪ್ಪಿಗೆ ಕೊಡುತ್ತಾನೆ ಎಂಬುದು ನಮ್ಮ ಸೇನೆಯ ಹೆಮ್ಮೆ. ಆ ಮನುಷ್ಯ ನಾನು. ಕಿಟಕಿಯಿಲ್ಲದ ಕೋಣೆ, ಕೈ ಮುರಿದ ಕುರ್ಚಿ, ಮೇಜಿನ ಮೇಲೆ ಎರಡು ಗುಂಡಿ: ಒಂದು 'ಹೊಡಿ', ಇನ್ನೊಂದು 'ಬೇಡ'. ಕೆಲಸ ಕೊಡಿಸಿದವನು ಅಕ್ಕನ ಗಂಡ. ಮನೆಯಲ್ಲಿ ಭಾವ, ಇಲ್ಲಿ ವಿಭಾಗದ ಮುಖ್ಯಸ್ಥ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಾಡುವುದು ಬಿಡುವುದು ಅವನ ಕೈಯಲ್ಲೇ ಇತ್ತು.

'ಹೊಡಿ' ಒತ್ತಿದವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. 'ಬೇಡ' ಒತ್ತಿದವರು ಮಾತ್ರ ಸಂಜೆಯ ಸಭೆಯಲ್ಲಿ ಎದ್ದು ನಿಂತು ಕಾರಣ ಕೊಡಬೇಕು. ಹಾಗಾಗಿ ನಮ್ಮ ಕೋಣೆಯಲ್ಲಿ ಯಂತ್ರ ತಪ್ಪು ಮಾಡಿದ್ದೇ ಇಲ್ಲ.

ಗಡಿಯಾಚೆಯ ದೇಶದಲ್ಲೂ ಇಂಥದೇ ಯಂತ್ರ. ಅವರು ಎರಡೇ ಸೆಕೆಂಡಿಗೆ ತೀರ್ಮಾನಿಸುತ್ತಾರೆ ಎಂಬ ಸುದ್ದಿ ಬಂದ ದಿನ ಭಾವನಿಗೆ ಊಟ ಸೇರಲಿಲ್ಲ. ನಮಗಿದ್ದ ಹತ್ತು ಸೆಕೆಂಡು ಮೂರಕ್ಕಿಳಿಯಿತು.

ಅಂದು ಬೆಳಿಗ್ಗೆ ಪರದೆಯಲ್ಲಿ ಗಡಿ ರಸ್ತೆಯ ಲಾರಿಯೊಂದು ಕಂಡಿತು. ಹಿಂದೆ ಏಳೆಂಟು ಜನ, ಉದ್ದುದ್ದ ಕೊಳವೆಗಳು. ರಾಕೆಟ್ಟು, ಹೊಡಿ ಎಂದಿತು ಯಂತ್ರ. ಒಬ್ಬ ಕೊಳವೆಗೆ ಬಾಯಿಟ್ಟು ಕೂಗುತ್ತಿದ್ದ, ಆ ತುದಿಗೆ ಕಿವಿ ಕೊಟ್ಟವನು ಬಿದ್ದು ಬಿದ್ದು ನಗುತ್ತಿದ್ದ. ನಾನು 'ಬೇಡ' ಒತ್ತಿದೆ.

ಮಧ್ಯಾಹ್ನದೊಳಗೆ ಗೊತ್ತಾಯಿತು, ಅವರು ನೀರಿನ ಪೈಪು ಹಾಕಲು ಹೊರಟ ನಮ್ಮ ದೇಶದ ಕೂಲಿಗಳೇ.

ಸಂಜೆ ಎದ್ದು ನಿಂತೆ.

"ಎಷ್ಟು ಹೊತ್ತು ತಗೊಂಡೆ?" ಎಂದ ಭಾವ.

"ಒಂಬತ್ತು ಸೆಕೆಂಡು, ಸರ್."

"ಅಷ್ಟರಲ್ಲಿ ಆಚೆಯವ್ರು ನಾಲ್ಕು ಲಾರಿ ಹಾರಿಸ್ತಿದ್ರು!"

"ಅವರದೇ ಲಾರಿಗಳನ್ನಾ?"

ಹಿಂದೆ ಯಾರೋ ನಕ್ಕು, ತಕ್ಷಣ ಕೆಮ್ಮಿದರು.

"ನಾಲಿಗೆ ಉದ್ದ ಆಯ್ತು ನಿಂದು."

"ನಮ್ಮ ಜನ ಬದುಕಿದ್ರಲ್ಲ, ಭಾವ."

"ಇಲ್ಲಿ ಸರ್ ಅನ್ನು. ಬದುಕಿದ್ರು, ಸಂತೋಷ. ನಮ್ಮ ಸೆಕೆಂಡಿನ ಸರಾಸರಿ ಹಳ್ಳ ಹಿಡೀತಲ್ಲ, ಮೇಲಿನವರಿಗೆ ನಿಮ್ಮಪ್ಪ ಬಂದು ಉತ್ತರ ಕೊಡ್ತಾರಾ?"

ಮರುದಿನ ನೋಡಿದರೆ 'ಬೇಡ' ಇದ್ದ ಜಾಗದಲ್ಲಿ ಒಂದು ತೂತು, ಅದಕ್ಕೊಂದು ರಬ್ಬರ್ ಬಿರಡೆ.

"ಮನುಷ್ಯ ಇರಲೇಬೇಕು ಅಂತ ಕಾನೂನು. ಬೇಡ ಅನ್ನಬೇಕು ಅಂತ ಎಲ್ಲಿದೆ?" ಭಾವನ ದನಿ ಮೆತ್ತಗಾಗಿತ್ತು. "ತೆಪ್ಪಗೆ ಕೂತ್ಕೋ. ಈ ತಿಂಗಳೇ ಕಾಯಂ ಮಾಡಿಸ್ತೀನಿ."

"ಒಂದು ಗೊಂಬೆ ತಂದು ಕೂರಿಸಿ, ಭಾವ. ಸಂಬಳಾನೂ ಉಳಿಯುತ್ತೆ." ನಾನು ಚೀಲ ಎತ್ತಿಕೊಂಡೆ.

"ಹೋಗು, ಹೋಗು! ನಿಮ್ಮಕ್ಕನ್ನೇ ಕೂರಿಸ್ತೀನಿ. ಮದುವೆ ಆದಾಗಿಂದ ಒಂದ್ಸಲನೂ ಬೇಡ ಅಂದೋಳಲ್ಲ."

ಸೋಮವಾರ ಅಕ್ಕ ಕೆಲಸಕ್ಕೆ ಸೇರಿದಳು. ಗುಂಡಿ ಒಂದೇ ಆದ್ದರಿಂದ ತರಬೇತಿ ಬೇಕಾಗಲಿಲ್ಲ.