ಉಳಿದ ಎಂಟು ಕಿಲೋಮೀಟರ್

ಭಾನುವಾರ ಸಂಜೆ ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸನ್ನು ಮೂರನೆಯ ಸಲ ಬಿಚ್ಚಿ ಕಟ್ಟಿದಳು. ಕೋಚ್ ಹೇಳಿದ್ದು ವಾರಕ್ಕೆ ನೂರಾ ಎಂಬತ್ತು ಕಿಲೋಮೀಟರ್. ನೋಟ್‌ಬುಕ್ಕಿನಲ್ಲಿದ್ದದ್ದು ನೂರಾ ಎಪ್ಪತ್ತೆರಡು. ಎಡಗಾಲಿನ ಮೂಳೆ ಮಾತ್ರ ಇನ್ನು ಎಂಟು ಹೆಜ್ಜೆಗೂ ಒಲ್ಲೆ ಎನ್ನುತ್ತಿತ್ತು. ಇನ್ನು ಮೂರು ವಾರಕ್ಕೆ ಆಯ್ಕೆಯ ಮ್ಯಾರಥಾನ್. ಮೂವತ್ತಾರು ದಾಟಿದವಳಿಗೆ ಇನ್ನೊಂದು ಅವಕಾಶವನ್ನು ಯಾರೂ ತಟ್ಟೆಯಲ್ಲಿಟ್ಟು ಕೊಡುವುದಿಲ್ಲ.

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಕೊರಳಿಗೆ ಟೇಪು ಹಾಕಿಕೊಂಡೇ ಅಕ್ಕ ಬಂದಳು.

"ಏನೇ ಕುದುರೆ, ಹೊರಡ್ತೀಯೋ, ಲೇಸು ಸವೆಯೋವರೆಗೂ ಕಟ್ತಾ ಇರ್ತೀಯೋ?"

"ಎಂಟು ಉಳಿದಿದೆ ಅಕ್ಕ."

"ಬೆಳಿಗ್ಗೆ ಮೂವತ್ತು ಓಡಿದೆಯಲ್ಲ. ಮೈದಾನಕ್ಕೆ ಓಡ್ಕೊಂಡು ಹೋಗಿ ಬಂದದ್ದು ಬೇರೆ."

"ಅದನ್ನ ಯಾರು ಲೆಕ್ಕ ಹಿಡೀತಾರೆ? ಅದು ಮೈ ಬಿಸಿ ಮಾಡ್ಕೊಳ್ಳೋದು."

"ಹೊಲಿಗೆ ಒಳಗೆ ಹೋಗೋ ಬಟ್ಟೇನೂ ನಾನು ಅಳತೇಲಿ ಸೇರಿಸ್ತೀನಮ್ಮ. ಕಣ್ಣಿಗೆ ಕಾಣಲ್ಲ ಅಂತ ಬಿಟ್ರೆ ಅಂಗಿ ತೋಳೇ ಹತ್ತಲ್ಲ."

ಅವಳ ಕೈ ಲೇಸಿನ ಮೇಲೇ ನಿಂತಿತು. ಟ್ರ್ಯಾಕಿಗೆ ಕಾಲಿಟ್ಟ ಮೇಲಿನದೇ ಓಟ ಎಂದು ಶಾಲೆಯ ಮೇಷ್ಟರು ಹೇಳಿಕೊಟ್ಟಿದ್ದರು. ಹೊಸ ಕೋಚ್ ಬಂದು ಆರು ತಿಂಗಳಾದರೂ ಕೇಳಬೇಕೆಂದು ಹೊಳೆದಿರಲಿಲ್ಲ. ಹೋಗಲು ಎರಡು, ಬರಲು ಎರಡು. ಏಳು ದಿನಕ್ಕೆ ಇಪ್ಪತ್ತೆಂಟು. ಫೋನ್ ಮಾಡಿದಳು.

"ಸರ್, ನೂರಾ ಎಂಬತ್ತರಲ್ಲಿ ಮೈದಾನಕ್ಕೆ ಓಡಿ ಹೋಗಿಬರೋದೂ ಸೇರಿತ್ತಾ?"

"ಓಡಿದ್ದೆಲ್ಲ ಸೇರಿತ್ತಮ್ಮ. ನೀನು ಎಷ್ಟು ಓಡ್ತಿದ್ದೀಯ?"

"ಇನ್ನೂರು ದಾಟ್ತಿತ್ತು ಸರ್. ಪ್ರತಿ ವಾರ."

"ಕಾಲು ಹೇಗಿದೆ?"

ಕೇಳಿದಾಗಲೆಲ್ಲ ಚೆನ್ನಾಗಿದೆ ಎಂದೇ ಹೇಳಿಕೊಂಡು ಬಂದಿದ್ದಳು. "ನೋಯ್ತಿದೆ" ಎಂದಳು.

"ನಾಳೆ ಓಡಬೇಡ. ಸೀದಾ ಡಾಕ್ಟರ ಹತ್ರ ಬಾ. ಮೂಳೆ ಬಿರುಕು ಬಿಟ್ಟಿಲ್ಲ ಅಂದ್ರೆ ಚೇತರಿಸಿಕೊಳ್ಳೋಕೆ ಮೂರು ವಾರ ಸಾಕು."

ಬಿಟ್ಟಿದ್ದರೆ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆರು ತಿಂಗಳಿಂದ ಅವಳು ಈ ಕಾಲನ್ನು ಮುದಿಯಾಯಿತೆಂದು ಬೈದಿದ್ದಳು, ಸೋಮಾರಿ ಎಂದು ಮೂದಲಿಸಿದ್ದಳು. ಅದು ಮಾತ್ರ ಹೇಳಿದ್ದಕ್ಕಿಂತ ಹೆಚ್ಚೇ ದುಡಿದು, ಬೈಸಿಕೊಂಡು ಸುಮ್ಮನಿತ್ತು. ಮನೆಯಲ್ಲಿ ಇಂಥ ಹೆಂಗಸರನ್ನು ಅವಳು ಬೇಕಾದಷ್ಟು ನೋಡಿದ್ದಳು.

"ಒಳಗೆ ಬಾ" ಎಂದಳು ಅಕ್ಕ.

"ಏಳೋಕಾಗಲ್ಲ ಅಕ್ಕ."

ಅಕ್ಕ ಪಕ್ಕದಲ್ಲಿ ಕುಳಿತು, ಎಡಗಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಅಷ್ಟು ಬಿಗಿಯಾಗಿ ಕಟ್ಟಿದ್ದ ಲೇಸನ್ನು ಉಗುರಿನಿಂದ ಬಿಡಿಸತೊಡಗಿದಳು.