ತೊಟ್ಟಿಕ್ಕುವುದು ನಿಂತ ದಿನ

ಶಾಂತಲಾಳ ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಈ ಹನ್ನೊಂದು ವರ್ಷದಲ್ಲಿ ವಿದ್ಯಾರಣ್ಯಪುರದ ಅವಳ ಮನೆಗೆ ರಿಪೇರಿಯವರು ಬಂದದ್ದು ಎರಡೇ ಸಲ. ನಲ್ಲಿಯ ವಾಷರ್ ಹೋದರೆ, ಫ್ಯಾನಿನ ರೆಗ್ಯುಲೇಟರ್ ಕೈಕೊಟ್ಟರೆ, ಬಾಗಿಲ ಚಿಲಕ ಸಡಿಲವಾದರೆ ಅವಳೇ ಸ್ಟೂಲು ಎಳೆದುಕೊಂಡು ಹತ್ತುತ್ತಿದ್ದಳು. ಯಶವಂತಪುರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಅಟೆಂಡರ್. ಗಾಜು, ಬೆಂಕಿ, ಆಸಿಡ್ಡುಗಳ ನಡುವೆ ಪಳಗಿದ ಕೈ. 'ನನ್ನ ಕೈಲಿ ಆಗದ್ದು ಇನ್ನೊಬ್ಬರ ಕೈಲಿ ಏನಾದೀತು' ಎನ್ನುವ ಸಣ್ಣ ಜಂಬವೂ ಅವಳಿಗೆ ಇತ್ತು.

ಮಗಳು ಮಂಜುಶ್ರೀ ಬಾಣಂತನಕ್ಕೆ ಬಂದ ಮೇಲೆ ಬಚ್ಚಲುಮನೆಯ ಗೀಸರಿಗೆ ಬಿಡುವೇ ಇರಲಿಲ್ಲ. ಚಿಕ್ಕಬಾಣಾವರದಿಂದ ಬಂದು ನಿಂತಿದ್ದ ಸೋದರತ್ತೆ ಕೃಷ್ಣಮ್ಮ ಬಾಣಂತಿಗೂ ಮಗುವಿಗೂ ನೀರು ಹಾಕುತ್ತಿದ್ದಳು. ಎಪ್ಪತ್ತು ದಾಟಿದ ಅವಳ ಕೈಯಲ್ಲಿ ಇನ್ನೂ ಕಸುವಿತ್ತು. ಆದರೆ ಅವಳಿಗೆ ನೀರು ಸುಡುಸುಡು ಇರಬೇಕು. ಒಂಬತ್ತೂವರೆಗೆ ಸ್ವಿಚ್ ಹಾಕಿದರೆ, ಒಂದು ಗಂಟೆ ಯಾರೂ ನಲ್ಲಿ ಮುಟ್ಟುವ ಹಾಗಿರಲಿಲ್ಲ.

ಗೀಸರ್ ಸೋರಲು ಶುರುವಾಗಿದ್ದು ಆಗಲೇ. ತಣ್ಣೀರು ಒಳಗೆ ಹೋಗುವ ಕಡೆ ಹಿತ್ತಾಳೆಯ ಪುಟ್ಟ ವಾಲ್ವ್ ಒಂದಿದೆ. ಅದರ ಪಕ್ಕದ ತೂತಿನಿಂದ ಮೊದಲು ಹನಿ ಹನಿಯಾಗಿ, ಆಮೇಲೆ ಸಣ್ಣ ಧಾರೆಯಾಗಿ ನೀರು ಇಳಿಯತೊಡಗಿತು. ಆ ತೂತಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕೊಳವೆ ಗೋಡೆ ದಾಟಿ ಹೊರಗಿನ ಓಣಿಗೆ ಹೋಗುತ್ತಿತ್ತು. ಓಣಿಯಾಚೆ ಮುನಿಯಣ್ಣನ ಅಡುಗೆಮನೆಯ ಗೋಡೆ.

ಸೋಮವಾರ ಸಂಜೆ ಮುನಿಯಣ್ಣ ಗೇಟಿನ ಹತ್ತಿರ ಬಂದು ನಿಂತ.

"ಶಾಂತಲಮ್ಮ, ಬಂದು ನಮ್ ಗೋಡೆ ನೋಡಿ ಎಂಗಾಗೈತೆ ಅಂತ. ಯುಗಾದಿಗೆ ಬಣ್ಣ ಒಡ್ಸಿದ್ದು, ಆಗ್ಲೇ ಪೊರೆ ಬಿಟ್ಟಂಗೆ ಬಿಡ್ತಾ ಐತೆ. ನಾಳೆ ಒಳ್ಗೆ ಸರಿ ಮಾಡಿಸ್ದಿದ್ರೆ ಆ ಪೈಪ್ ನಾನೇ ಕಿತ್ ಬಿಸಾಕ್ತೀನಿ."

ಶಾಂತಲಾ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಕೃಷ್ಣಮ್ಮ ಎದ್ದು ಬಂದಿದ್ದಳು. "ಕಿತ್ ನೋಡು! ಬಾಣಂತಿ ಮನೆ ಮುಂದೆ ನಿಂತ್ಕಂಡು ಇಂಗೆಲ್ಲಾ ಕೂಗ್ತೀಯಲ್ಲ, ನಿಂಗೆ ಎಣ್ಮಕ್ಳಿಲ್ವಾ?"

ಮಾತಿಗೆ ಮಾತು ಬೆಳೆದು ಬೀದಿಯವರೆಲ್ಲ ಬಾಗಿಲಿಗೆ ಬಂದರು. ಶಾಂತಲಾಳಿಗೆ ಮುಖ ಎತ್ತಲಾಗಲಿಲ್ಲ. ಮಾರನೆಯ ಸಂಜೆ ಅವಳು ಸ್ಟೂಲು ಹತ್ತಿ ಕೊಳವೆ ಕಿತ್ತಳು. ತೂತಿಗೆ ಹೊಂದುವ ಒಂದು ಸ್ಕ್ರೂ ಹುಡುಕಿ ಬಿಗಿಯಾಗಿ ತಿರುಗಿಸಿದಳು. ಅದರ ಮೇಲೆ ಎಂ-ಸೀಲ್ ಮೆತ್ತಿದಳು. ಬೆಳಿಗ್ಗೆ ಬೆರಳಿನಿಂದ ಒತ್ತಿ ನೋಡಿದರೆ ಕಲ್ಲು. ಒಂದು ಹನಿಯೂ ಇಲ್ಲ. ಸಮಾಧಾನದಿಂದ ಎಂಟೂಕಾಲಿನ ಬಸ್ಸು ಹಿಡಿದಳು.

ಆ ಬುಧವಾರ ಲ್ಯಾಬಿನಲ್ಲಿ ಸೆಕೆಂಡ್ ಪಿಯುಸಿ ಮಕ್ಕಳಿಗೆ ಸಾಲ್ಟ್ ಅನಾಲಿಸಿಸ್ ಇತ್ತು. ಹತ್ತೂಕಾಲರ ಸುಮಾರಿಗೆ ಮೂರನೆಯ ಟೇಬಲ್ಲಿನಲ್ಲಿ ಅಫ್ರೀನ್ ಎಂಬ ಹುಡುಗಿ, ಅಮೋನಿಯಾದ ಘಾಟು ತಡೆಯಲಾರದೆ, ಕಾಯುತ್ತಿದ್ದ ಟೆಸ್ಟ್ ಟ್ಯೂಬಿಗೆ ಬಿರಡೆ ಹಾಕಿದಳು. ಶಾಂತಲಾ ಅಷ್ಟು ದೂರದಿಂದಲೇ ಕಂಡು ಓಡಿದಳು.

"ಏಯ್, ಬರ್ನರ್ ಆರಿಸು! ಬಾಯಿ ಮುಚ್ಚಿ ಕಾಯಿಸ್ಬಾರ್ದು ಅಂತ ಎಷ್ಟ್ ಸಲ ಹೇಳೋದು? ಒಳಗಿನ ಆವಿ ಎಲ್ಲಿಗ್ ಹೋಗ್ಬೇಕು? ಮುಖಕ್ಕೇ ಸಿಡಿಯತ್ತೆ!"

ಹೇಳಿದ ಮಾತು ಅವಳ ಕಿವಿಗೇ ತಿರುಗಿ ಬಡಿಯಿತು. ಕೈ ಟೇಬಲ್ಲಿನ ಅಂಚು ಹಿಡಿದುಕೊಂಡಿತು.

ಒಳಗಿನ ಆವಿ ಎಲ್ಲಿಗೆ ಹೋಗಬೇಕು?

ಮೊನ್ನೆ ಕೃಷ್ಣಮ್ಮ ಗೀಸರನ್ನು ಹೊಗಳಿದ್ದು ನೆನಪಾಯಿತು. 'ಈಗೀಗ ಚೆನ್ನಾಗ್ ಕಾಯ್ತೈತೆ ಕಣೆ, ನಲ್ಲಿ ತಿರುವಿದ್ರೆ ಕುದಿಯೋ ನೀರೇ ಬತ್ತದೆ.' ಮೊದಲೆಲ್ಲ ನೀರು ಕಾದ ಮೇಲೆ ತಾನಾಗಿ ಆರುತ್ತಿದ್ದ ಕೆಂಪು ದೀಪ ಇತ್ತೀಚೆಗೆ ಆರುತ್ತಲೇ ಇರಲಿಲ್ಲ. ಅದನ್ನೂ ಅವಳು ನೋಡಿದ್ದಳು, ನೋಡಿ ಸುಮ್ಮನಿದ್ದಳು. ಹಾಗಾದರೆ ಅದು ಸೋರಿಕೆಯೇ ಆಗಿರಲಿಲ್ಲ. ಮಿತಿ ಮೀರಿ ಕಾದ ನೀರು ತನಗಿದ್ದ ಒಂದೇ ದಾರಿಯಲ್ಲಿ ಹೊರಗೆ ಬರುತ್ತಿತ್ತು. ಆ ದಾರಿಗೆ ಅವಳು ಸ್ಕ್ರೂ ಜಡಿದು ಬಂದಿದ್ದಳು. ಒಂಬತ್ತೂವರೆಯಿಂದ ಗೀಸರ್ ಉರಿಯುತ್ತಿದೆ. ಇಷ್ಟು ಹೊತ್ತಿಗೆ ಅದರ ಕೆಳಗೆ ಮಣೆ ಹಾಕಿ, ಎಣ್ಣೆ ಹಚ್ಚಿ, ಮಂಜುವನ್ನು ಕೂರಿಸಿರುತ್ತಾರೆ.

"ಅಕ್ಕಾ, ಏನಾಯ್ತು?" ಅಫ್ರೀನ್ ಹೆದರಿ ಕೇಳಿದಳು. ಶಾಂತಲಾ ಫೋನ್ ಹಿಡಿದು ಕಾರಿಡಾರಿಗೆ ಓಡಿದಳು.

ಮಂಜುವಿನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಮಗು ಮಲಗುತ್ತದೆಂದು ಅದನ್ನು ಯಾವಾಗಲೂ ಸೈಲೆಂಟಿನಲ್ಲಿ ಇಟ್ಟಿರುತ್ತಾಳೆ. ಇನ್ನೊಮ್ಮೆ, ಮತ್ತೊಮ್ಮೆ. ಕೃಷ್ಣಮ್ಮನ ಹತ್ತಿರ ಮೊಬೈಲೇ ಇಲ್ಲ. ಅಳಿಯ ತುಮಕೂರಿನಲ್ಲಿ. ಆ ಬೀದಿಯವರಲ್ಲಿ ಅವಳ ಫೋನಿನಲ್ಲಿದ್ದ ಒಂದೇ ನಂಬರು ಮುನಿಯಣ್ಣನದು.

ಮೊದಲ ಸಲ ಅವನು ಕಟ್ ಮಾಡಿದ. ಎರಡನೆಯ ಸಲ ಎತ್ತಿದ.

"ಏನಮ್ಮ, ನಿಮ್ ಅತ್ತೆ ಬೈದಿದ್ದು ಸಾಲ್ದು ಅಂತ ನೀವೂ ಬೈಯಕ್ಕೆ ಫೋನ್ ಮಾಡಿದ್ರಾ?"

"ಮುನಿಯಣ್ಣ, ನಿಮ್ಮ ಕಾಲಿಗ್ ಬೀಳ್ತೀನಿ, ಫೋನ್ ಇಡ್ಬೇಡಿ. ನಮ್ ಗೇಟ್ ಪಕ್ಕ ಮೀಟರ್ ಬೋರ್ಡ್ ಇದೆಯಲ್ಲ, ಅದರಲ್ಲಿ ಮೇನ್ ಸ್ವಿಚ್ ಆಫ್ ಮಾಡಿ. ಈಗ್ಲೇ. ಗೀಸರ್ ಸಿಡಿಯತ್ತೆ. ನಿಮ್ ಗೋಡೆಗೆ ನೀರು ಬರ್ಬಾರ್ದು ಅಂತ ನಾನೇ ಅದರ ಬಾಯಿಗೆ ಸ್ಕ್ರೂ ಹೊಡ್ದು ಬಂದಿದೀನಿ. ಒಳಗೆ ಮಂಜು ಇದಾಳೆ, ಮಗು ಇದೆ."

ಆ ಕಡೆ ಕುರ್ಚಿ ಸರಿದ ಸದ್ದು, ಚಪ್ಪಲಿಯ ಪಟಪಟ, ಗೇಟಿನ ಕಿರ್ರ್. 'ಟಕ್' ಎಂದಿತು.

"ತೆಗ್ದೆ," ಎಂದ ಮುನಿಯಣ್ಣ ಏದುಸಿರಿನಲ್ಲಿ.

"ಎಲ್ರನ್ನೂ ಹೊರಗೆ ಕರೀರಿ. ಬಚ್ಚಲಲ್ಲಿ ಯಾರೂ ಇರ್ಬಾರ್ದು."

ಅವನು ಬಾಗಿಲು ಬಡಿಯತೊಡಗಿದ. "ಅಮ್ಮಾ! ಎಲ್ಲಾ ಈಚೆಗ್ ಬನ್ನಿ! ಬೇಗ!"

ಬಾಗಿಲು ತೆರೆದ ಸದ್ದಿನ ಹಿಂದೆಯೇ ಕೃಷ್ಣಮ್ಮನ ದನಿ ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. "ಓ, ನೀನಾ ಕರೆಂಟ್ ತೆಗ್ದವ್ನು? ಬಾಣಂತಿಗೆ ನೀರಾಕೋ ಒತ್ನಾಗೆ ಇಂಥಾ ಕೆಲ್ಸ ಮಾಡ್ತೀಯಲ್ಲ, ಥೂ! ಸರಿ ಅತ್ಲಾಗೆ!"

"ಅಮ್ಮಾ, ಬೇಡ, ಕೇಳಿ ಇಲ್ಲಿ—"

ಮತ್ತೆ 'ಟಕ್'.

ಅತ್ತೆ ಮೇನ್ ಮತ್ತೆ ಹಾಕಿದ್ದಳು.

"ಸ್ಪೀಕರ್ ಹಾಕಿ! ಮುನಿಯಣ್ಣ, ಸ್ಪೀಕರ್ ಹಾಕಿ!" ಎಂದು ಅವಳು ಕಿರುಚಿದ ರಭಸಕ್ಕೆ ಲ್ಯಾಬಿನ ಮಕ್ಕಳೆಲ್ಲ ಬಾಗಿಲಿಗೆ ಬಂದು ನಿಂತರು. "ಅತ್ತೇ, ನಾನು ಶಾಂತಲಾ! ಮೇನ್ ಆಫ್ ಮಾಡು!"

"ಇದೇನೇ, ಅವನ ಫೋನ್ನಾಗೆ ನೀನು?"

"ಆಮೇಲ್ ಹೇಳ್ತೀನಿ. ನಾನೇ ಆಫ್ ಮಾಡ್ಸಿದ್ದು. ಗೀಸರ್ ಕೆಟ್ಟಿದೆ ಅತ್ತೆ, ಒಡೆದು ಹೋಗತ್ತೆ!"

ಟಕ್. ಈ ಸಲ ತೆಗೆದವರು ಯಾರೋ ಗೊತ್ತಾಗಲಿಲ್ಲ. ಕೃಷ್ಣಮ್ಮನ ದನಿಯಲ್ಲಿದ್ದ ಗಡಸು ಇಳಿದಿತ್ತು. "ಅದಕ್ಕೇನಾ ಅದು ಆಗ್ಲಿಂದ ಒಳ್ಗೆ ಗುದ್ದಿದಂಗೆ ಸದ್ದು ಮಾಡ್ತಾ ಇದ್ದಿದ್ದು..."

"ಮಂಜು ಎಲ್ಲಿ?"

"ಬಚ್ಚಲಲ್ಲೇ ಕುಂತವ್ಳೆ. ನೀರು ಬಿಟ್ಕಂಡಿರು ಅಂತ ಏಳಿ ಬಂದೆ."

"ನಲ್ಲಿ ಮುಟ್ಬೇಡ ಅನ್ನು! ಓಡು ಅತ್ತೆ, ಓಡು!"

ಎಪ್ಪತ್ತು ವರ್ಷದ ಮಂಡಿಗಳು ಎಷ್ಟು ಓಡಬಲ್ಲವು? "ಮಂಜೀ... ಮಂಜೀ..." ಎಂಬ ಕೂಗು ದೂರವಾಗುತ್ತ ಹೋಯಿತು. ಮುನಿಯಣ್ಣ ಬಾಣಂತಿ ಇರುವ ಬಚ್ಚಲಿಗೆ ಹೋಗಲಾರದೆ, ಇದ್ದಲ್ಲೇ ನಿಂತು "ಬನ್ರಮ್ಮಾ, ಈಚೆಗ್ ಬನ್ನಿ" ಎಂದು ಕೂಗುತ್ತಿದ್ದ. ಅಷ್ಟರಲ್ಲಿ ಎಲ್ಲೋ ಒಂದು ಚೀತ್ಕಾರ. ಏನೋ ಬಿದ್ದ ಸದ್ದು. ಫೋನ್ ಸತ್ತುಹೋಯಿತು.

ಅಫ್ರೀನ್ ಅಷ್ಟು ಹೊತ್ತಿಗಾಗಲೇ ತನ್ನ ಫೋನಿನಲ್ಲಿ ಆಟೋ ಬುಕ್ ಮಾಡಿದ್ದಳು. "ಅಕ್ಕಾ, ಗೇಟ್ ಹತ್ರ ಎರಡ್ ನಿಮಿಷದಲ್ಲಿ ಬರತ್ತೆ, ಹೋಗಿ" ಎಂದು ಅವಳ ಬ್ಯಾಗು ತಂದು ಕೈಗಿಟ್ಟಳು. ಶಾಂತಲಾ ಆ ಹುಡುಗಿಯ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಆಟೋ ಮತ್ತಿಕೆರೆ ದಾಟುವವರೆಗೆ ಅವಳು ಮುನಿಯಣ್ಣನಿಗೆ ಒಂಬತ್ತು ಸಲ ಫೋನ್ ಮಾಡಿದಳು. ಸ್ವಿಚ್ ಆಫ್. ಮಂಜುವಿನದು ರಿಂಗಾಗುತ್ತಿತ್ತು, ಅಷ್ಟೇ. ಆ ಚೀತ್ಕಾರ ಯಾರದು? ಮಂಜುವಿನದೇ, ಅತ್ತೆಯದೇ? ಮಗುವನ್ನು ಎಲ್ಲಿ ಮಲಗಿಸಿದ್ದರು? ಬಚ್ಚಲಿನ ಗೋಡೆಗೆ ಅಂಟಿಕೊಂಡೇ ಇದೆ ಮಗುವಿನ ತೊಟ್ಟಿಲಿನ ಕೋಣೆ. ಆ ಗೋಡೆಯಾದರೂ ಎಷ್ಟು ದಪ್ಪ? ನಾಲ್ಕಿಂಚು.

ಬಿಇಎಲ್ ಸರ್ಕಲ್ಲಿನಲ್ಲಿ ವಾಹನಗಳು ಅಲುಗಾಡದೆ ನಿಂತಿದ್ದವು. ಆಟೋದವನು ಇಂಜಿನ್ ಆರಿಸಿ ಹಿಂದೆ ತಿರುಗಿ ನೋಡಿದ. "ಯಾಕ್ ಮೇಡಂ, ಆಸ್ಪತ್ರೆ ಕೇಸಾ?"

"ಗೊತ್ತಿಲ್ಲಪ್ಪ," ಎಂದಳು ಶಾಂತಲಾ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನು ಸಿಗ್ನಲ್ ಬಿಡುತ್ತಲೇ ಎಡಕ್ಕೆ ನುಗ್ಗಿಸಿ, ಅಡ್ಡರಸ್ತೆಗಳಲ್ಲಿ ತೂರಿಸಿ ಓಡಿಸಿದ. ದಾರಿಯುದ್ದಕ್ಕೂ ಅವಳ ಕಣ್ಣು ವಿದ್ಯಾರಣ್ಯಪುರದ ದಿಕ್ಕಿನ ಆಕಾಶವನ್ನು ಹುಡುಕುತ್ತಿತ್ತು. ಹೊಗೆ ಕಂಡೀತೇ ಎಂದು. ದೇವರನ್ನು ನೆನೆಯಲೂ ನಾಚಿಕೆಯಾಯಿತು. ತಾನೇ ಜಡಿದ ಸ್ಕ್ರೂಗೆ ದೇವರೇನು ಮಾಡಿಯಾನು?

ಬೀದಿಯ ತಿರುವಿನಲ್ಲಿ ಮನೆ ಕಂಡಿತು. ಗೋಡೆಗಳು ನಿಂತಿದ್ದವು. ಗೇಟಿನ ಪಕ್ಕ, ಮೀಟರ್ ಬೋರ್ಡಿಗೆ ಬೆನ್ನು ಕೊಟ್ಟು, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮುನಿಯಣ್ಣ ಕೂತಿದ್ದ. ಯಾರಾದರೂ ಬಂದು ಮತ್ತೆ ಸ್ವಿಚ್ ಹಾಕಿಯಾರೆಂದು ಕಾವಲು.

"ಎಲ್ಲಾ ನಮ್ಮನೇಲವ್ರೆ, ಓಗಿ," ಎಂದ ಅವನು, ಕೂತಲ್ಲಿಂದಲೇ. "ಫೋನ್ ಕೆಳಗ್ ಬಿದ್ದು ಒಡ್ದೋಯ್ತು, ಅದಕ್ಕೇ ಎತ್ತಕ್ಕಾಗ್ಲಿಲ್ಲ."

ಮುನಿಯಣ್ಣನ ನಡುಮನೆಯಲ್ಲಿ ಮಂಜುಶ್ರೀ ಅವನ ಹೆಂಡತಿಯ ಹಳೆಯ ಕಂಬಳಿ ಹೊದ್ದು ಕೂತಿದ್ದಳು. ತಲೆಯ ಎಣ್ಣೆ ಕೆನ್ನೆಗಿಳಿದಿತ್ತು. ಮಗು ಪಕ್ಕದಲ್ಲಿ ಅಂಗೈ ಬಿಚ್ಚಿಕೊಂಡು ನಿದ್ದೆ ಮಾಡುತ್ತಿತ್ತು. ಕೃಷ್ಣಮ್ಮ ಬಾಣಂತಿಯ ಕಿವಿಗೆ ಗಾಳಿ ಹೋಗದಂತೆ ಸೆರಗು ಸುತ್ತುತ್ತಿದ್ದಳು. ಮಂಜುವಿನ ಬಲಗೈ ಮುಂಗೈಯ ಹತ್ತಿರ ಕೆಂಪಾಗಿ ಉಬ್ಬಿತ್ತು.

"ನಲ್ಲಿ ಒಂಚೂರು ತಿರುಗಿಸ್ದೆ ಅಷ್ಟೇ ಅಮ್ಮ," ಎಂದಳು ಮಗಳು. "ಬುಸ್ ಅಂತ ಹಬೆ ಬಂತು. ಅಜ್ಜಿ ಓಡ್ಬಂದು ತೋಳು ಹಿಡ್ದು ಎಳೆದ್ಬಿಟ್ರು. ಇಬ್ರೂ ಬಾಗಿಲ ಹತ್ರ ಬಿದ್ವಿ."

ಶಾಂತಲಾ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಗೀಸರ್ ರಿಪೇರಿಯ ಲಾಲ್ ಸಾಬ್ ಮಧ್ಯಾಹ್ನ ಮೂರಕ್ಕೆ ಬಂದ. ಬೇಗ ಬರಲಿಲ್ಲವೆಂದು ಯಾರೂ ಬೈಯಲಿಲ್ಲ. ಪೂರ್ತಿ ತಣ್ಣಗಾಗುವವರೆಗೆ ಬಚ್ಚಲಿನ ಬಾಗಿಲನ್ನೂ ತೆರೆಯಬೇಡಿ ಎಂದು ಫೋನಿನಲ್ಲಿ ಹೇಳಿದ್ದವನು ಅವನೇ. ಬಿಳಿ ಗಡ್ಡದ, ನಿಧಾನದ ಮನುಷ್ಯ. ಹೊರಕವಚ ಬಿಚ್ಚಿ, ಒಳಗಿನ ತೊಟ್ಟಿಯ ಮೇಲೆ ಅಂಗೈ ಆಡಿಸಿದ. ಅದು ಒಂದು ಕಡೆ ಹೊಟ್ಟೆ ಬಂದಂತೆ ಉಬ್ಬಿತ್ತು.

"ಥರ್ಮೋಸ್ಟಾಟ್ ಅಂಟ್ಕೊಂಡ್ಬಿಟ್ಟಿದೆ ಮೇಡಂ. ನೀರು ಎಷ್ಟೇ ಕಾದ್ರೂ ಕರೆಂಟ್ ಕಟ್ ಆಗ್ತಿರ್ಲಿಲ್ಲ. ಅದು ಕೆಟ್ರೆ ತಡೆಯೋಕೆ ಇನ್ನೊಂದು ಇರತ್ತೆ, ಅದೂ ಕೆಟ್ಟಿದೆ. ಉಳಿದಿದ್ದು ಈ ವಾಲ್ವ್ ಒಂದೇ." ಆಮೇಲೆ ಅವನ ಬೆರಳು ಸ್ಕ್ರೂನ ಮೇಲೆ ನಿಂತಿತು. ಎಂ-ಸೀಲನ್ನು ಉಗುರಿನಿಂದ ಕೆರೆದ. "ಇದು ಯಾರು ಮಾಡಿದ್ದು?"

ಬಚ್ಚಲಿನ ಬಾಗಿಲಲ್ಲಿ ಕೃಷ್ಣಮ್ಮ, ಅವಳ ಹಿಂದೆ ಮುನಿಯಣ್ಣ, ಅವನ ಹೆಂಡತಿ, ಎಲ್ಲರೂ ನಿಂತಿದ್ದರು. ಹಿಂದಿನ ರಿಪೇರಿಯವನ ಮೇಲೆ ಹಾಕಬಹುದಿತ್ತು. ಒಂದು ಕ್ಷಣ ಆ ಸುಳ್ಳು ಶಾಂತಲಾಳ ನಾಲಿಗೆಯ ತುದಿಗೂ ಬಂತು.

"ನಾನೇ," ಎಂದಳು. "ಸೋರ್ತಾ ಇದೆ ಅಂದ್ಕೊಂಡೆ."

ಲಾಲ್ ಸಾಬ್ ಅವಳನ್ನು ನೋಡಿದ. "ಬಹಳ ಜನ ಹಾಗೇ ಅಂದ್ಕೊತಾರೆ," ಎಂದಷ್ಟೇ ಹೇಳಿ ಸ್ಪ್ಯಾನರ್ ಎತ್ತಿಕೊಂಡ. "ಈ ಟ್ಯಾಂಕ್ ಇನ್ನು ಕೆಲ್ಸಕ್ ಬರಲ್ಲ. ಇಳಿಸ್ಬಿಡ್ತೀನಿ."

"ನಾನೂ ಅಷ್ಟು ಕೂಗಾಡ್ಬಾರ್ದಿತ್ತು," ಎಂದ ಮುನಿಯಣ್ಣ ಯಾರ ಮುಖವನ್ನೂ ನೋಡದೆ. ಕೃಷ್ಣಮ್ಮ ಒಮ್ಮೆ ಗಂಟಲು ಸರಿಮಾಡಿಕೊಂಡಳು. ಅವನನ್ನು ತಳ್ಳಿ ಸ್ವಿಚ್ ಹಾಕಿದ್ದಕ್ಕೆ ಏನಾದರೂ ಅನ್ನುತ್ತಾಳೇನೋ ಎಂದು ಶಾಂತಲಾ ಕಾದಳು. "ಕಾಫಿ ಕುಡ್ಕಂಡೋಗು," ಎಂದಳು ಮುದುಕಿ. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಬರುವಂತಿರಲಿಲ್ಲ.

ಸಂಜೆ ಮುನಿಯಣ್ಣನ ಹೆಂಡತಿ ತನ್ನ ಒಲೆಯ ಮೇಲೆ ಎರಡು ದೊಡ್ಡ ಪಾತ್ರೆ ನೀರು ಕಾಯಿಸಿ ಕಳಿಸಿದಳು. ಕೃಷ್ಣಮ್ಮ ಮಂಜುವಿನ ಮೈಯ ಎಣ್ಣೆ ತೊಳೆದು, ಮಗುವಿಗೂ ನೀರು ಹಾಕಿದಳು. ಸಾಂಬ್ರಾಣಿ ಹೊಗೆ ಹಿಡಿದು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು ಮಂಜು ತಾಯಿಯ ಮುಂದೆ ನಿಂತಳು.

"ಎತ್ಕೋ ಅಮ್ಮ. ಬೆಳಿಗ್ಗೆಯಿಂದ ಎತ್ಕೊಂಡೇ ಇಲ್ವಲ್ಲ ನೀನು."

ಶಾಂತಲಾ ಕೈ ಚಾಚಿದಳು. ಚಾಚಿದ ಮೇಲೇ ಅವಳಿಗೆ ಕಂಡಿದ್ದು, ಬೆರಳುಗಳು ಗಡಗಡ ನಡುಗುತ್ತಿದ್ದವು. ಲ್ಯಾಬಿನಲ್ಲಿ, ಆಟೋದಲ್ಲಿ, ಆ ಸ್ಕ್ರೂ ಮುಂದೆ ನಿಂತಾಗಲೂ ನಡುಗದಿದ್ದ ಕೈ ಅದು.

"ಸ್ವಲ್ಪ ತಡಿ ಮಂಜು," ಎಂದು ಅವಳು ನೆಲದ ಮೇಲೆ ಕೂತು, ಗೋಡೆಗೆ ಒರಗಿ, ಕೈಗಳೆರಡನ್ನೂ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಮಂಜು ಪಕ್ಕದಲ್ಲಿ ಕೂತು, ಮಗುವನ್ನು ತಾಯಿಯ ತೊಡೆಯ ಮೇಲೆ ಮಲಗಿಸಿ, ತಾನೇ ಹಿಡಿದುಕೊಂಡಳು.