ಹುಟ್ಟಿದ ಬೀದಿಗೆ ಪ್ರವಾಸಿಯಾಗಿ

ಹುಟ್ಟಿದ ಬೀದಿ ನೋಡಲು ಟಿಕೆಟ್ಟು ಕೊಂಡು ಬಂದ ಮೂರ್ಖ ಬಾಂಬರ್ಗ್ ಊರಿನಲ್ಲಿ ಯಾವನಾದರೂ ಇದ್ದರೆ ಅವನು ಓಟ್ಮಾರ್ ಒಬ್ಬನೇ. ಈಗ ವಾಸವಿರುವ ನ್ಯೂರೆಂಬರ್ಗಿನಲ್ಲಿ ರೈಲು ಹತ್ತಿ, ಇಲ್ಲಿ ಇಳಿದು, ಸೇತುವೆ ದಾಟಿದ್ದರೆ ಮುಗಿದಿತ್ತು. ಆದರೆ ಒಂಟಿಯಾಗಿ ಬರಲು ಕಾಲು ಏಳಲಿಲ್ಲ. ಅದಕ್ಕೇ ಪ್ರವಾಸಿಗಳ ಒಂದು ಗುಂಪಿಗೆ ಹೆಸರು ಕೊಟ್ಟು, ಅವರು ಕೊಟ್ಟ ಇಯರ್‌ಫೋನನ್ನು ಕೊರಳಿಗೆ ನೇತುಹಾಕಿಕೊಂಡು, ಎಲ್ಲರ ಹಿಂದೆ ತಲೆ ತಗ್ಗಿಸಿ ನಡೆಯುತ್ತಿದ್ದ. ಎಪ್ಪತ್ತರ ಹತ್ತಿರದ ಮನುಷ್ಯ. ಚಿಕ್ಕಂದಿನಲ್ಲಿ ಅವನು ಬಿದ್ದು ಮೊಣಕಾಲು ತರಚಿಕೊಳ್ಳದ ಕಲ್ಲು ಆ ಓಣಿಯಲ್ಲಿ ಒಂದೂ ಇರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಓಣಿಯಲ್ಲ, ಕಿಲಿಯಾನ್. ಗೋಡೆಗೆ ಗೋಡೆ ಅಂಟಿದ್ದ ಮನೆಯವನು, ತೊಟ್ಟಿಲಿನಿಂದ ಜೊತೆಗಾರ. ಕೆಲವು ವರ್ಷಗಳ ಹಿಂದೆ ಓಟ್ಮಾರ್ ಮನೆ ಮಾರಿ, ಹೆಂಡತಿ ರೋಸ್ವಿಟಾಳನ್ನು ಕರೆದುಕೊಂಡು ಹೊರಟುಹೋದ. ಮಾರಿದ್ದು ದೊಡ್ಡ ತಪ್ಪಲ್ಲ, ಯಾರು ಮಾರುವುದಿಲ್ಲ? ಆದರೆ ಈ ಓಣಿಯಲ್ಲಿ ಒಂದು ರೂಢಿ. ಮನೆ ಮಾರುವವನು ಮೊದಲು ಗುಂಡೆಲ್ ನಡೆಸುವ ಬಿಯರ್ ಮನೆಗೆ ಬಂದು, ಒಲೆಯ ಪಕ್ಕದ ಉದ್ದ ಮೇಜಿನಲ್ಲಿ ಕೂತು ಬಾಯಿ ಬಿಡಬೇಕು. ಗೋಡೆ ಹಂಚಿಕೊಂಡವನ ಕಿವಿಗೆ ಆ ಮಾತು ಮೊದಲು ಬೀಳಬೇಕು. ಓಟ್ಮಾರ್ ತುಟಿಪಿಟಿಕ್ಕೆನ್ನದೆ ಮಾರಿದ. ಕಿಲಿಯಾನನಿಗೆ ಸುದ್ದಿ ಗೊತ್ತಾದದ್ದು ಗಾರೆಯವರು ಬಂದು ಗೋಡೆ ಕೊರೆಯತೊಡಗಿದಾಗ. ಅವನು ಫೋನಿನಲ್ಲಿ ಒಂದು ಸಲವೂ ಬೈಯಲಿಲ್ಲ. ಮಾತೇ ಬಿಟ್ಟ.

ಗುಂಪಿನ ಗೈಡ್ ಯಾನಾ ಎಂಬ ಚುರುಕಿನ ಹುಡುಗಿ. ಸರಿಯಾಗಿ ಅವನ ಹಳೆಯ ಮನೆಯ ಮುಂದೆಯೇ ನಿಂತಳು. ಬಾಗಿಲಿಗೆ ಈಗ ಬೀಗವಿಲ್ಲ, ಅಂಕಿ ಒತ್ತುವ ಗುಂಡಿಗಳು; ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಕೊಡುವ ಮನೆಯಾಗಿತ್ತು ಅದು.

“ಈ ಕಬ್ಬಿಣದ ಕೊಂಡಿ ನೋಡಿ,” ಎಂದಳು ಯಾನಾ. “ಹಿಂದೆ ಗಲ್ಲಿಗೇರಿಸೋನು ತನ್ನ ಹಗ್ಗನ ಇಲ್ಲಿ ನೇತುಹಾಕ್ತಿದ್ನಂತೆ!”

ಎಲ್ಲರೂ ಫೋಟೋ ತೆಗೆದುಕೊಂಡರು. ಆ ಕೊಂಡಿಗೆ ಓಟ್ಮಾರನ ಅಪ್ಪ ಸೈಕಲ್ ಕಟ್ಟುತ್ತಿದ್ದ. ನಗು ಬಂತು, ನುಂಗಿಕೊಂಡ. ಅಷ್ಟರಲ್ಲಿ ಬಾಗಿಲು ತೆರೆದು ಇಬ್ಬರು ಯುವಕರು ಹೊರಬಿದ್ದರು. ಅವರ ಪೆಟ್ಟಿಗೆಗಳ ಚಕ್ರಗಳು ಓಣಿಯ ಕಲ್ಲುಗಳ ಮೇಲೆ ಗಡಗಡ ಉರುಳಿದ ಸದ್ದಿಗೆ ಪಕ್ಕದ ಮನೆಯ ಕಿಟಕಿ ಅದುರಿತು. ಕಿಲಿಯಾನನ ಕಿಟಕಿ. ದಿನಾ ಬೆಳಗಾದರೆ ಅವನು ಇದನ್ನು ಕೇಳುತ್ತಾನೆ. ಓಟ್ಮಾರನಿಗೆ ನಾಚಿಕೆಯಾಯಿತು.

ಮಧ್ಯಾಹ್ನದ ಊಟಕ್ಕೆ ಯಾನಾ ಎಲ್ಲರನ್ನೂ ಗುಂಡೆಲ್ಲಳ ಬಿಯರ್ ಮನೆಗೇ ನುಗ್ಗಿಸಿದಳು. ಹೊಗೆಯ ವಾಸನೆಯ ಆ ಕಪ್ಪು ಬಿಯರನ್ನು ಒಂದು ಗುಟುಕು ಕುಡಿದು ಪ್ರವಾಸಿಗಳು ಮುಖ ಹಿಂಡಿದರು. ಒಲೆಯ ಪಕ್ಕದ ಮೇಜಿನಲ್ಲಿ ಮೂವರು ಮುದುಕರಿದ್ದರು, ನಡುವೆ ಕಿಲಿಯಾನ್. ಆ ಮೇಜಿಗೆ ಸೇರಿದವನು ಬಂದರೆ ಬೆರಳ ಗಿಣ್ಣಿನಿಂದ ಹಲಗೆಯನ್ನು ಎರಡು ಸಲ ಕುಟ್ಟುತ್ತಾನೆ, ಕೂತವರು ತಿರುಗಿ ಕುಟ್ಟುತ್ತಾರೆ, ಅಲ್ಲಿಗೆ ನಮಸ್ಕಾರ ಮುಗಿಯಿತು. ಕೈ ಕುಲುಕುವುದೇನಿದ್ದರೂ ಪಾದ್ರಿಗೆ, ಪರವೂರಿನವರಿಗೆ.

ಓಟ್ಮಾರ್ ಎದ್ದು ಆ ಮೇಜಿನ ಬಳಿಗೆ ಹೋದ. ಹಲಗೆಯನ್ನು ಎರಡು ಸಲ ಕುಟ್ಟಿದ.

ಯಾರೂ ತಿರುಗಿ ಕುಟ್ಟಲಿಲ್ಲ. ಕಿಲಿಯಾನ್ ನಿಧಾನವಾಗಿ ಎದ್ದ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಕೈ ಚಾಚಿದ.

“ಬನ್ನಿ ಸ್ವಾಮಿ. ನಮ್ಮೂರು ಹಿಡಿಸ್ತಾ ನಿಮಗೆ?”

ಕಪಾಳಕ್ಕೆ ಬಾರಿಸಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಮೇಜಿನ ತುದಿಯಲ್ಲಿದ್ದ ಯೋಸ್ಟ್, ಹೊಳೆಯಲ್ಲಿ ಮೀನು ಹಿಡಿಯುವವನು, ಕೊರಳಿನ ಇಯರ್‌ಫೋನ್ ಕಡೆಗೆ ಗದ್ದ ಎತ್ತಿದ.

“ಗಂಟೆ ಕಟ್ಟಿ ಬಿಟ್ಟಿದಾರೆ ನೋಡ್ರೋ, ತಪ್ಪಿಸ್ಕೊಂಡ್ರೆ ಹುಡುಕೋಕೆ.”

ಓಟ್ಮಾರ್ ಚಾಚಿದ ಕೈ ಹಿಡಿದ. ಹಿಡಿದವನು ಬಿಡಲಿಲ್ಲ.

“ಹೇಳದೆ ಮಾರಿದೆ. ತಪ್ಪಾಯ್ತು ಕಣೋ.”

“ತಪ್ಪೇನು ಬಂತು? ನಿಮ್ಮ ಮನೆ, ನೀವು ಮಾರಿದ್ರಿ.”

“ಹೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದಿದ್ರೆ ನನ್ನ ಕೈಲಿ ಮಾರೋಕೆ ಆಗ್ತಿರ್ಲಿಲ್ಲ. ರೋಸ್ವಿಟಾಗೆ ಕಾಲು ಸ್ವಾಧೀನ ತಪ್ತಾ ಇತ್ತು. ನಮ್ಮನೆ ಮೆಟ್ಟಿಲು ನಿನಗೆ ಗೊತ್ತಲ್ಲ, ಏಣಿ ಅದು. ಅವಳನ್ನ ಹೊತ್ಕೊಂಡು ಎಷ್ಟು ದಿನ ಹತ್ತಿ ಇಳೀಲಿ? ಲಿಫ್ಟ್ ಇರೋ ಮನೆ ಬೇಕಿತ್ತು. ಯಾರಿಗೂ ಹೇಳಬೇಡ, ಕನಿಕರ ಪಡ್ತಾರೆ ಅಂದ್ಲು.”

ಕಿಲಿಯಾನನ ಮುಖ ಕೊಂಚ ಸಡಿಲವಾಯಿತು. ಬಹುವಚನ ಮಾತ್ರ ಬಿಡಲಿಲ್ಲ.

“ಈಗ ಹೇಗಿದಾರೆ ಅವರು?”

“ಹೋದ್ಲು. ಹೋದ ವರ್ಷ, ಎಲೆ ಉದುರೋ ಹೊತ್ತಿಗೆ.”

ಕಿಲಿಯಾನ್ ಕೈಯನ್ನು ಸರಕ್ಕನೆ ಕಿತ್ತುಕೊಂಡ. ಯೋಸ್ಟ್ ಮಗ್ಗನ್ನು ಕೆಳಗಿಟ್ಟ. ಗುಂಡೆಲ್ ಕೌಂಟರಿನ ಹಿಂದೆ ನಿಂತಲ್ಲೇ ನಿಂತಳು; ರೋಸ್ವಿಟಾಳೂ ಅವಳೂ ಒಟ್ಟಿಗೆ ಶಾಲೆಗೆ ಹೋದವರು.

“ಪೆಟ್ಟಿಗೆ ಯಾರು ಹೊತ್ರು?” ಎಂದ ಕಿಲಿಯಾನ್.

“ಏನು?”

“ಶವದ ಪೆಟ್ಟಿಗೆ! ಯಾರು ಹೊತ್ರೋ?”

ಓಟ್ಮಾರ್ ನೆಲ ನೋಡಿದ. “ಶವಸಂಸ್ಕಾರದ ಕಂಪನಿಯೋರು ಆಳುಗಳನ್ನ ಕಳಿಸಿದ್ರು.”

“ಆಳುಗಳು!” ಕಿಲಿಯಾನನ ದನಿಗೆ ಪ್ರವಾಸಿಗಳೆಲ್ಲ ತಿರುಗಿದರು. “ನಮ್ಮಮ್ಮ ಹೋದಾಗ ತಲೆ ಕಡೆ ಹೆಗಲು ಕೊಟ್ಟೋನು ನೀನು. ನಮ್ಮನೆ ದರಿದ್ರ ಮೆಟ್ಟಿಲಲ್ಲಿ ಇಳಿಸೋವಾಗ ನಿನ್ನ ಭುಜ ಜಾರಿತ್ತು, ಆದ್ರೂ ಬಿಡಲಿಲ್ಲ ನೀನು. ರೋಸ್ವಿಟಾಗೆ ಹೆಗಲು ಕೊಡೋಕೆ ನಾನು ಬದುಕಿರ್ಲಿಲ್ವೇನೋ ಕತ್ತೆ? ಮನೆ ಹಾಳಾಗಿ ಹೋಗ್ಲಿ, ಅದು ಬರೀ ಕಲ್ಲು, ಮರ. ಅವಳನ್ನ ಕೂಲಿಯೋರ ಕೈಲಿ ಹೊರಿಸಿದ್ಯಲ್ಲೋ!”

ಹೆಂಡತಿ ಸತ್ತಾಗ ಓಟ್ಮಾರನ ಜೊತೆ ಎಷ್ಟೋ ಜನ ಮೆತ್ತಗೆ ಮಾತಾಡಿದ್ದರು, ಹೂವು ಕಳಿಸಿದ್ದರು. ಅವನಿಗೆ ಕಣ್ಣೀರು ಬಂದಿರಲಿಲ್ಲ. ಈಗ ಊರೆದುರು ಬೈಸಿಕೊಳ್ಳುತ್ತ ನಿಂತು ಮಗುವಿನಂತೆ ಅತ್ತ. ಕಿಲಿಯಾನನೂ ಅಳುತ್ತಿದ್ದ, ಸಿಟ್ಟಿನಿಂದ.

ಊಟ ಮುಗಿಸಿದ್ದ ಗುಂಪು ಬಾಗಿಲ ಬಳಿ ಸೇರಿತ್ತು. ಯಾನಾ ತಲೆ ಎಣಿಸಿ, ಅಳುಕುತ್ತ ಹತ್ತಿರ ಬಂದಳು.

“ಸರ್, ಎಲ್ಲರೂ ಹೊರಟಿದಾರೆ. ಚರ್ಚ್ ನೋಡೋದು ಬಾಕಿ ಇದೆ, ಬರ್ತೀರಾ?”

“ನೀನು ಹೊರಡಮ್ಮ,” ಎಂದ ಕಿಲಿಯಾನ್, ಅವಳ ಕಡೆ ತಿರುಗದೆ. “ಇವನು ನಿಮ್ಮ ಗುಂಪಿನೋನಲ್ಲ. ನನ್ನ ಜಗಳ ಈಗಷ್ಟೇ ಶುರುವಾಗಿದೆ.”